ಮೈತುಂಬ ಹುಣ್ಣು, ನೋವೇ ಇಲ್ಲ

ರಾಯಚೂರು ಕಡೆಯ ರೈತರು, ಐವತ್ತರ ಹತ್ತಿರ ವಯಸ್ಸು. ಕಾಲು, ತೊಡೆ, ಮೊಳಕೈ ಮೇಲೆಲ್ಲ ಹುಣ್ಣು, ಕೆಲವದರ ಮೇಲೆ ಕಪ್ಪು ಹಕ್ಕಳೆ. ನಾಲ್ಕು ತಿಂಗಳು ಆಂಟಿಬಯಾಟಿಕ್, ಮುಲಾಮು ಎಲ್ಲ ಆಗಿತ್ತು. ಶುಗರ್ ಇಲ್ಲ, ಎಚ್‌ಐವಿ ಇಲ್ಲ. ನನಗೆ ಹೊಳೆದದ್ದು ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳದ ಉರಿಯೂತ. ಸ್ಟೀರಾಯ್ಡ್ ಬರೆಯಲು ಹೊರಟಿದ್ದೆ.

ಅಷ್ಟರಲ್ಲಿ ಸಿಸ್ಟರ್ ಡ್ರೆಸ್ಸಿಂಗ್ ಬಿಚ್ಚಿದರು. ಅಂಟಿಕೊಂಡ ಗಾಜ್ ಬಟ್ಟೆ ಎಳೆದಾಗ ರಕ್ತ ಜಿನುಗಿತು. ಯಜಮಾನರು ಮಗನ ಜೊತೆ ಹತ್ತಿಯ ರೇಟಿನ ಮಾತು ನಿಲ್ಲಿಸಲೇ ಇಲ್ಲ.

"ನೋವಾಗ್ಲಿಲ್ವಾ ಯಜಮಾನ್ರೇ?"

"ಇಲ್ರೀ ಸಾಹೇಬ್ರ. ಮೊದಲಿಂದನೂ ನೋವಿಲ್ರಿ."

ಪೆನ್ನು ಕೆಳಗಿಟ್ಟೆ. ವ್ಯಾಸ್ಕುಲೈಟಿಸ್ ಹುಣ್ಣು ಸಾಮಾನ್ಯವಾಗಿ ಮುಟ್ಟಲೂ ಬಿಡುವುದಿಲ್ಲ. ಈ ಸಲ ಹುಣ್ಣು ಬಿಟ್ಟು ಉಳಿದ ಮೈ ನೋಡಿದೆ. ಹುಬ್ಬಿನ ಹೊರತುದಿಯಲ್ಲಿ ಕೂದಲಿಲ್ಲ. ಕಿವಿಯ ಹಾಲೆ ದಪ್ಪ. ವರ್ಷದಿಂದ ಮೂಗು ಕಟ್ಟುತ್ತಿತ್ತಂತೆ. ಹೊಲದಲ್ಲಿ ಚಪ್ಪಲಿ ಜಾರಿಹೋದರೂ ತಿಳಿಯುತ್ತಿರಲಿಲ್ಲವಂತೆ. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊಳಕೈ ಹಿಂದಿನ ನರ ಹಗ್ಗದ ಹಾಗೆ ಕೈಗೆ ಸಿಕ್ಕಿತು. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಮುಟ್ಟಿಸಿದೆ, ಆಮೇಲೆ ಪೆನ್ನಿನ ತುದಿ. ಪಾದದಿಂದ ಮೊಣಕಾಲಿನವರೆಗೆ ಏನೂ ಗೊತ್ತಾಗಲಿಲ್ಲ.

ಇವೆಲ್ಲ ಕುಷ್ಠದ ಲಕ್ಷಣ, ಆದರೆ ಮಚ್ಚೆ ಮಾತ್ರ ಎಲ್ಲೂ ಇರಲಿಲ್ಲ. ಕುಷ್ಠ ಅಂದರೆ ನಾವು ಮಚ್ಚೆಯನ್ನೇ ಹುಡುಕುತ್ತೇವೆ ಅಲ್ವಾ? ಇಡೀ ಚರ್ಮಕ್ಕೆ ಹರಡಿದಾಗ ಮಚ್ಚೆ ಅಂತ ಬೇರೆ ಕಾಣುವುದೇ ಇಲ್ಲ.

ಸ್ಮಿಯರ್, ಅಂದರೆ ಬ್ಯಾಕ್ಟೀರಿಯಾ ಹುಡುಕಲು ಚರ್ಮದ ರಸ ಸವರಿದ ಸ್ಲೈಡ್, ನಾನೇ ತೆಗೆದೆ. ಕಿವಿಯ ಹಾಲೆಯನ್ನು ಬೆರಳ ನಡುವೆ ಗಟ್ಟಿಯಾಗಿ ಹಿಂಡಿ ಹಿಡಿಯಬೇಕು. ರಕ್ತ ಬಂದರೆ ಸ್ಲೈಡ್ ಕೆಟ್ಟ ಹಾಗೆ. 5 ಮಿ.ಮೀ. ಉದ್ದ, 2 ಮಿ.ಮೀ. ಆಳದ ಗೀರು ಸಾಕು. ಬ್ಲೇಡ್ ಅಡ್ಡ ತಿರುಗಿಸಿ ಒಳಗಿನ ರಸ ಕೆರೆದು ಸ್ಲೈಡಿಗೆ ಸವರಬೇಕು. ಬಣ್ಣ ಹಾಕಿದ ಮೇಲೆ ತೊಳೆಯಲು ಶೇ 5ರ ಆ್ಯಸಿಡ್ಡೇ ಬಳಸಿ ಎಂದು ಲ್ಯಾಬಿನವರಿಗೆ ಹೇಳಿದೆ. ಟಿಬಿಗೆ ಹಾಕುವ ಗಟ್ಟಿ ಆ್ಯಸಿಡ್ಡಿಗೆ ಈ ಬ್ಯಾಕ್ಟೀರಿಯಾದ ಬಣ್ಣ ತೊಳೆದುಹೋಗಬಹುದು. ಮೈಕ್ರೋಸ್ಕೋಪಿನಲ್ಲಿ ಕೆಂಪು ಕಡ್ಡಿಗಳು ಬೀಡಿ ಕಟ್ಟಿನ ಹಾಗೆ ರಾಶಿ ಬಿದ್ದಿದ್ದವು.

ಹುಣ್ಣಿನ ಅಂಚಿನ ಬಯಾಪ್ಸಿಯಲ್ಲಿ ರಕ್ತನಾಳದ ಗೋಡೆಯಲ್ಲೂ ಅವೇ ಇದ್ದವು. ಇದು ಲೂಸಿಯೊ ಫಿನಾಮಿನನ್, ಕುಷ್ಠದಲ್ಲೇ ಬರುವ ಒಂದು ತೀವ್ರ ಸ್ಥಿತಿ. 1852ರಲ್ಲಿ ಮೆಕ್ಸಿಕೋದ ವೈದ್ಯರು ವಿವರಿಸಿದ್ದು, ನಮ್ಮಲ್ಲಿ ಬಲು ಅಪರೂಪ. ರಕ್ತನಾಳ ಕಟ್ಟಿ ಚರ್ಮ ಸಾಯುತ್ತಿತ್ತು, ಅಷ್ಟರಮಟ್ಟಿಗೆ ನನ್ನ ಊಹೆ ಸರಿ. ಆದರೆ ಬರೀ ಸ್ಟೀರಾಯ್ಡ್ ಕೊಟ್ಟಿದ್ದರೆ ಬ್ಯಾಕ್ಟೀರಿಯಾ ಹಾಗೇ ಬೆಳೆಯುತ್ತಿತ್ತು.

ಕುಷ್ಠದ ಮೂರು ಔಷಧಿ, ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಶುರು ಮಾಡಿದೆವು. 12 ತಿಂಗಳ ಕೋರ್ಸ್, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕ್ಲೋಫಾಜಿಮಿನ್‌ನಿಂದ ಮೈ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದೆ. ಆಮೇಲೆ ಮಗನನ್ನು ಕರೆದು ಅಂಗಿ ಬಿಚ್ಚಿಸಿದೆ. ಬೆನ್ನಿನ ಮೇಲೆ ಮಸುಕಾದ ಮಚ್ಚೆಯೊಂದಿತ್ತು. ಹತ್ತಿ ಮುಟ್ಟಿಸಿದ್ದು ಅವನಿಗೂ ಗೊತ್ತಾಗಲಿಲ್ಲ.