ಹಿಂದಿನ ಸೀಟಿನಲ್ಲಿ ಮೂವರು

1971ರಲ್ಲಿ ಷಿಕಾಗೋದ ‘ಜೇನ್’ ಗುಂಪಿಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಕಾರು ಓಡಿಸುವ ಕೆಲಸ. ಜೇನ್ ಎಂಬ ಹೆಂಗಸು ಯಾರೂ ಇರಲಿಲ್ಲ. ಫೋನ್ ಮಾಡಿದವರು ಕೇಳಬೇಕಾದ ಹೆಸರು ಅದು, ಅಷ್ಟೇ. ಷಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಆಗ ಗರ್ಭಪಾತ ಅಪರಾಧ. ಬೇಕಾದವರಿಗೆ ಅದನ್ನು ಗುಟ್ಟಾಗಿ ಮಾಡಿಸಿಕೊಡುತ್ತಿದ್ದದ್ದು ನಮ್ಮ ಗುಂಪು.

ಬಂದ ಪ್ರತಿ ಕರೆಗೂ ಒಂದು ಚೀಟಿ: ಹೆಸರು, ವಯಸ್ಸು, ಎಷ್ಟು ವಾರ, ಎಷ್ಟು ಕೊಡಬಲ್ಲರು. ಸಭೆಯಲ್ಲಿ ಚೀಟಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಸುಲಭದವು ಬೇಗ ಖಾಲಿ. ಹೆಚ್ಚು ವಾರಗಳಾದವರ ಚೀಟಿ ಮಾತ್ರ ಸುತ್ತಿ ಸುತ್ತಿ ಮತ್ತೆ ನನ್ನೆದುರಿಗೇ ಬಂದು ನಿಲ್ಲುತ್ತಿತ್ತು. ನಾನೂ ಎಷ್ಟೋ ಸಲ ಪಕ್ಕದವಳಿಗೆ ದಾಟಿಸಿದ್ದೇನೆ.

‘ಫ್ರಂಟ್’ ಎಂಬ ಮನೆಯಲ್ಲಿ ಗರ್ಭಪಾತಕ್ಕೆ ಬಂದವರೂ ಅವರ ತಾಯಂದಿರು, ಗೆಳತಿಯರು, ಮಕ್ಕಳೂ ಕಾಯುತ್ತಿದ್ದರು. ಅಲ್ಲಿಂದ ಮೂರು ನಾಲ್ಕು ಹೆಂಗಸರನ್ನು ಗರ್ಭಪಾತ ನಡೆಯುತ್ತಿದ್ದ ‘ಪ್ಲೇಸ್’ಗೆ ಕರೆದೊಯ್ಯುವುದು, ಮುಗಿದ ಮೇಲೆ ವಾಪಸ್ ತರುವುದು ನನ್ನ ಪಾಳಿ. ಹೋಗುವಾಗ ಕಾರಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಬರುವಾಗ ಅದೇ ಮೂವರು ಹಳೆಯ ನೆರೆಯವರಂತೆ ಹರಟುತ್ತಿದ್ದರು. ಹಿಂದೆಯೇ ಬರುವ ಕಾರು ಎರಡು ತಿರುವು ದಾಟಿದರೂ ಬಿಡದಿದ್ದರೆ ನಾನು ಸುಮ್ಮನೆ ಊರು ಸುತ್ತಿಸುತ್ತಿದ್ದೆ.

ಮೊದಲ ದಿನಗಳಲ್ಲಿ ಹೆಂಗಸರ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ, 500 ಡಾಲರ್‌ಗೂ ಮಿಕ್ಕಿ ತೆಗೆದುಕೊಳ್ಳುತ್ತಿದ್ದರಂತೆ. ಗರ್ಭಪಾತ ಮಾಡುತ್ತಿದ್ದ ಗಂಡಸು ಡಾಕ್ಟರೇ ಅಲ್ಲವೆಂದು ಗೊತ್ತಾದಾಗ ಹಲವರು ಗುಂಪು ಬಿಟ್ಟರು. ಉಳಿದವರು ‘ಅವನಿಗೆ ಬರುವುದಾದರೆ ನಮಗೇಕೆ ಬಾರದು’ ಎಂದು ಕಲಿತುಕೊಂಡರು. ನನ್ನ ಕಾಲಕ್ಕೆ ದರ 100 ಡಾಲರ್, ಇಲ್ಲದವರು ಕೊಟ್ಟಷ್ಟು. 1970ರಲ್ಲಿ ನ್ಯೂಯಾರ್ಕ್ ಕಾನೂನು ಸಡಿಲಿಸಿದ ಮೇಲೆ ಕಾಸಿದ್ದವರು ವಿಮಾನ ಹತ್ತಿದರು. ನಮ್ಮ ಕಾರಿಗೆ ಬಂದವರು ಹೆಚ್ಚಾಗಿ ಬಡ ಕಪ್ಪು ಹೆಂಗಸರು. ಕಾರು ಓಡಿಸುತ್ತಿದ್ದ ನಾವು ಹೆಚ್ಚಾಗಿ ಬಿಳಿಯರು. ಆ ಮುಜುಗರ ನನ್ನನ್ನು ಕೊನೆಯವರೆಗೂ ಬಿಡಲಿಲ್ಲ.

1972ರ ಮೇ 3ರಂದು ಪೊಲೀಸರು ನುಗ್ಗಿದಾಗ ನನಗೆ ರಜೆ. ಏಳು ಜನ ಸಿಕ್ಕಿಬಿದ್ದರು. ಪೊಲೀಸರು ಕೋಣೆ ಕೋಣೆ ತಡಕಿ ಡಾಕ್ಟರನನ್ನು ಹುಡುಕಿದರಂತೆ. ಎದುರಿಗಿದ್ದ ಹೆಂಗಸರೇ ಅದನ್ನು ಮಾಡುತ್ತಿದ್ದರೆಂದು ಅವರಿಗೆ ಹೊಳೆಯಲೇ ಇಲ್ಲ. ಪೊಲೀಸ್ ವ್ಯಾನಿನಲ್ಲಿ ನಮ್ಮವರು ಚೀಟಿಗಳಲ್ಲಿ ಹೆಸರು, ವಿಳಾಸ ಇದ್ದ ಭಾಗವನ್ನು ಹರಿದು ಅಗಿದು ನುಂಗಿದರು. ದಪ್ಪ ಕಾಗದ, ನೀರೂ ಇಲ್ಲ.

1973ರ ಜನವರಿ 22ರಂದು ಗರ್ಭಪಾತ ಹೆಂಗಸರ ಹಕ್ಕು ಎಂಬ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮೊಕದ್ದಮೆ ಬಿದ್ದುಹೋಯಿತು. ಅಷ್ಟರಲ್ಲಿ ಸುಮಾರು 11,000 ಹೆಂಗಸರು ನಮ್ಮಲ್ಲಿಗೆ ಬಂದುಹೋಗಿದ್ದರು. ಕ್ಲಿನಿಕ್‌ಗಳು ತೆರೆದ ಮೇಲೆ ನಾವು ಬಾಗಿಲು ಹಾಕಿದೆವು. ಬಹಳ ದಿನಗಳವರೆಗೆ, ಒಬ್ಬಳೇ ಕಾರಿನಲ್ಲಿ ಹೋಗುವಾಗಲೂ ನನ್ನ ಕಣ್ಣು ಕನ್ನಡಿಯಲ್ಲಿ ಹಿಂದಿನ ಕಾರನ್ನೇ ನೋಡುತ್ತಿತ್ತು.