ಗ್ಲೌಸ್ ತಿಂದದ್ದು ಅಸಿಟೋನ್ ಅಲ್ಲ, ಬ್ಯಾಕ್ಟೀರಿಯಾ: ನನ್ನ ಅನುಭವ

ಅಸಿಟೋನ್ ಎಂಬ ದ್ರಾವಕದಲ್ಲಿ ತೊಳೆದ ಲೇಟೆಕ್ಸ್ (ನೈಸರ್ಗಿಕ ರಬ್ಬರ್) ಗ್ಲೌಸ್ ಚೂರುಗಳನ್ನು ಬ್ಯಾಕ್ಟೀರಿಯಾಕ್ಕೆ ತಿನ್ನಿಸಿ ತೂಕ ಇಳಿಸಿದೆ. ಆ ಇಳಿಕೆ "ಎಲ್ಲಾ ಅಸಿಟೋನ್ ಮಹಿಮೆ" ಎಂದು ನಕ್ಕವರಿಗೆ ಮೊದಲೇ ಹೇಳಿಬಿಡುತ್ತೇನೆ: ನೈಸರ್ಗಿಕ ರಬ್ಬರ್ ಅಸಿಟೋನಿನಲ್ಲಿ ಕರಗುವುದಿಲ್ಲ. ಅದರಲ್ಲಿ ಬಿಟ್ಟುಬರುವುದು ಆಂಟಿಆಕ್ಸಿಡೆಂಟ್ (ರಬ್ಬರ್ ಹಾಳಾಗದಂತೆ ಕಾಯುವ ರಾಸಾಯನಿಕ), ಅಳಿದುಳಿದ ಆಕ್ಸಿಲರೇಟರ್ (ರಬ್ಬರನ್ನು ಬೇಗ ಗಟ್ಟಿಯಾಗಿಸಲು ಬೆರೆಸಿದ್ದು), ಕೊಬ್ಬಿನಾಮ್ಲ. ಬ್ಯಾಕ್ಟೀರಿಯಾವನ್ನು ದೂರ ಇಡುತ್ತಿದ್ದದ್ದೂ ಇವುಗಳೇ. ತೂಕದ ಲೆಕ್ಕ ನಾನು ಹಿಡಿಯುವುದು ಈ ತೊಳೆತವೆಲ್ಲ ಮುಗಿದ ಮೇಲೆ.

ಈ ತೊಳೆತಕ್ಕೆ ಮೊದಲು ಟಾಲುಯಿನ್ ಎಂಬ ಇನ್ನೊಂದು ದ್ರಾವಕ ಬಳಸಿ ದುಡ್ಡು ಕಳೆದೆ. ಅದು ರಬ್ಬರನ್ನು ಉಬ್ಬಿಸಿ ಒಳಗೇ ಕೂತುಬಿಡುತ್ತದೆ. ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಹಾಕಿದ ಮೂರನೇ ದಿನಕ್ಕೆ ಫ್ಲಾಸ್ಕ್‌ನಲ್ಲಿ ಬೆಳವಣಿಗೆಯೇ ನಿಂತಿತು.

ಈಗ ಮಾಡುವುದು ಹೀಗೆ. ಲೇಟೆಕ್ಸ್ ಗ್ಲೌಸನ್ನು ಅರ್ಧ ಸೆಂಟಿಮೀಟರ್ ಚೂರು ಮಾಡಿ, ಸೋಪ್ ನೀರಲ್ಲಿ ಪುಡಿ ತೊಳೆದು, ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಕುದಿಸಿ, ತಣಿಸಿ, ಮತ್ತೆ ಮತ್ತೆ ಚೂರುಗಳ ಮೇಲೆ ಸುರಿಸುವ ಗಾಜಿನ ಸಾಧನ) ಅಸಿಟೋನ್ ಜೊತೆ ಸುಮಾರು 48 ಗಂಟೆ. ಕಾಯಿಸಲು ವಿದ್ಯುತ್ತಿನ ಹೀಟಿಂಗ್ ಮ್ಯಾಂಟಲ್ ಮಾತ್ರ, ಬೆಂಕಿ ಬೇಡವೇ ಬೇಡ. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ, ಬೇಸಿಗೆಯ ನಲ್ಲಿ ನೀರಿಗೆ ಕಂಡೆನ್ಸರ್ (ಆವಿಯನ್ನು ತಣಿಸಿ ದ್ರವವಾಗಿಸುವ ಕೊಳವೆ) ತಣಿಯದು. ಐಸ್ ನೀರು ಸುತ್ತಿಸಿ. ಇಲ್ಲದಿದ್ದರೆ ಲೀಟರ್‌ಗೆ ಮುನ್ನೂರು ಚಿಲ್ಲರೆ ಕೊಟ್ಟದ್ದು ಆವಿಯಾಗಿ ಹೋಗುತ್ತದೆ. ಬಟ್ಟಿ ಇಳಿಸಿದರೆ ಮುಕ್ಕಾಲು ಪಾಲು ವಾಪಸ್, ತಳದಲ್ಲಿ ಹಳದಿ ಅಂಟು.

ಒಣಗಿಸುವಲ್ಲೇ ಹೆಚ್ಚಿನವರು ಎಡವುವುದು. ಉಳಿದ ಅಸಿಟೋನ್ ಕೂಡ ಬ್ಯಾಕ್ಟೀರಿಯಾಕ್ಕೆ ಊಟ. ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆದು ಫ್ಲಾಸ್ಕಿನ ನೀರು ಬೇಗ ಕದಡುತ್ತದೆ, ರಬ್ಬರ್ ಮಾತ್ರ ಹಾಗೇ ಇರುತ್ತದೆ. ಹಾಗೆಂದು 80 ಡಿಗ್ರಿ ಓವನ್‌ಗೆ ಇಟ್ಟರೆ, ಕಾಯುವ ಆಂಟಿಆಕ್ಸಿಡೆಂಟ್ ಇಲ್ಲದ ಚೂರುಗಳು ಅಂಟಂಟಾಗಿ ಮುದ್ದೆಯಾಗುತ್ತವೆ. 40 ಡಿಗ್ರಿ, ಕತ್ತಲು, ತೂಕ ನಿಲ್ಲುವವರೆಗೆ.

ಕಲ್ಚರ್ ಆಯ್ಕೆಯಲ್ಲೂ ಮೋಸಹೋದೆ. ಲೇಟೆಕ್ಸ್ ಅಗಾರ್ (ಲೇಟೆಕ್ಸ್ ಬೆರೆಸಿದ ಜೆಲ್ ತಟ್ಟೆ) ಮೇಲೆ ರಬ್ಬರ್ ತಿಂದ ತಿಳಿ ವಲಯ ಬಿಡುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ನೋಡಲು ಚೆಂದ, ಗ್ಲೌಸ್ ಮೇಲೆ ಸೋಮಾರಿ. ಗೋರ್ಡೋನಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ವಲಯವನ್ನೇ ಬಿಡದು, ಆದರೆ ರಬ್ಬರಿಗೇ ಕಚ್ಚಿಕೊಂಡು ಬೆಳೆಯುತ್ತದೆ. ಸ್ಟಾರ್ಟರ್ (ಫ್ಲಾಸ್ಕಿಗೆ ಹಾಕುವ ಮೊದಲ ಬ್ಯಾಕ್ಟೀರಿಯಾ ಬೆಳೆ) ಹದ ಮಾಡುವ ರೀತಿ ನನ್ನ ಬಳಿಯೇ ಇರಲಿ.

ಖನಿಜ ಲವಣ ಮಾಧ್ಯಮ, 30 ಡಿಗ್ರಿ, ನಿಧಾನ ಶೇಕರ್. ಆರು ವಾರಕ್ಕೆ ತೊಳೆದ ಚೂರಿನ ತೂಕ ನೂರಕ್ಕೆ ಇಪ್ಪತ್ತರಷ್ಟು ಇಳಿಯಿತು, ತೊಳೆಯದ್ದು ಐದರ ಆಸುಪಾಸು, ಬ್ಯಾಕ್ಟೀರಿಯಾ ಹಾಕದ ಫ್ಲಾಸ್ಕ್ ಎರಡು. ರಬ್ಬರ್ ಕಡಿದಾಗ ಹುಟ್ಟುವ ಆಲ್ಡಿಹೈಡ್ ಎಂಬ ಸಂಯುಕ್ತವನ್ನು ಬಣ್ಣದಿಂದ ತೋರಿಸುವ ಶಿಫ್ ರೀಏಜೆಂಟ್‌ಗೆ ಮೊದಲಿನದು ಗಾಢ ನೇರಳೆ, ಕೊನೆಯದು ಮಸುಕು ಗುಲಾಬಿ. ಗಾಳಿಗೆ ಆಕ್ಸಿಡೀಕರಣವಾದ ರಬ್ಬರಿನಲ್ಲೂ ಆಲ್ಡಿಹೈಡ್ ಇರುತ್ತದೆ, ಆದ್ದರಿಂದ ಬಣ್ಣವನ್ನಷ್ಟೇ ನಂಬಬೇಡಿ.

ನೀಲಿ ಗ್ಲೌಸ್ ಸಾಮಾನ್ಯವಾಗಿ ನೈಟ್ರೈಲ್ ಎಂಬ ಕೃತಕ ರಬ್ಬರ್, ಫ್ಲಾಸ್ಕಿಗೆ ಹಾಕುವುದೇ ದಂಡ. ಸಂಶಯವಿದ್ದರೆ ಪೆಟ್ರೋಲಿನಲ್ಲಿ ಅದ್ದಿ: ಲೇಟೆಕ್ಸ್ ಆದರೆ ಊದಿಕೊಳ್ಳುತ್ತದೆ. ಲಾರಿ ಟ್ಯೂಬೂ ಪ್ರಯತ್ನಿಸಿದೆ. ಅದು ಬ್ಯುಟೈಲ್ ಎಂಬ ಕೃತಕ ರಬ್ಬರ್, ಎರಡು ತಿಂಗಳಾದರೂ ಅಲ್ಲಾಡಲಿಲ್ಲ. ಟೈರ್ ಪುಡಿಯಲ್ಲಿ ಕೊಂಚ ಕೆಲಸ ಕಂಡಿದೆ, ಅಸಿಟೋನ್ ಖರ್ಚಿಗೆ ಗಿಟ್ಟುವಷ್ಟಲ್ಲ.