ಯುದ್ಧಕಾಲದ ಹಳೆಯ ರೈಫಲ್: ಮುದ್ರೆಗಳನ್ನು ನಾನು ಓದುವ ಕ್ರಮ

ಹಿರಿಯರಿಂದ ಬಂದ ರೈಫಲ್ಲಿನ ಜೊತೆ ಒಂದು ಕಥೆಯೂ ಬರುತ್ತದೆ. ಅದನ್ನು ಬರೆದಿಟ್ಟುಕೊಂಡು, ಕಬ್ಬಿಣ ಹೇಳುವುದನ್ನು ಮೊದಲು ಓದುತ್ತೇನೆ. ಅದಕ್ಕೂ ಮುಂಚೆ ಎರಡು ಕೆಲಸ. ಪರವಾನಗಿ ಕೊಡುವ ಕಚೇರಿಗೆ ತಿಳಿಸಬೇಕು. ಅವರು ಹೇಳುವವರೆಗೆ ಅದನ್ನು ಎಲ್ಲಿಗೂ ಒಯ್ಯಬಾರದು. ಮತ್ತೆ, ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಮ್ಯಾಗಜಿನ್ (ತೋಟಾ ತುಂಬುವ ಪೆಟ್ಟಿಗೆ) ಕಳಚುವಂತಿದ್ದರೆ ತೆಗೆದು, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಡಿಯಿರುವ ಕೊಳವೆ) ಹಿಂದಕ್ಕೆಳೆದು, ಗುಂಡು ಕೂರುವ ಕೋಣೆಯನ್ನು ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಬೇಕು. ಬೋಲ್ಟ್ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಬಡಿಯಬೇಡಿ, ಒಳಗೆ ತೋಟಾ ಇದೆ ಎಂದೇ ತಿಳಿದು ಬಂದೂಕು ದುರಸ್ತಿ ಬಲ್ಲ ಕುಶಲಕರ್ಮಿಯನ್ನು ಕರೆಸಿ.

ಮರಳುಕಾಗದ, ತಂತಿ ಬ್ರಷ್ ಮುಟ್ಟಿಸಲೇಬಾರದು. ಗುರುತು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ತೆಳು ಎಣ್ಣೆಯ ಬಟ್ಟೆಯಿಂದ ಜಿಡ್ಡು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಮಸುಕಾದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಹಾಗೇ ಫೋಟೊ ತೆಗೆಯುತ್ತೇನೆ.

ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ಎಸ್‌ಎಂಎಲ್‌ಇ ರೈಫಲ್ ಆದರೆ ಬೋಲ್ಟ್ ಹಿಡಿಯ ಕೆಳಗೆ, ಬಟ್ಟಿನ (ಭುಜಕ್ಕೊತ್ತುವ ಹಿಂಭಾಗದ) ಮರ ಸೇರುವ ಲೋಹದ ಬಲಬದಿ ನೋಡಿ: ಕಿರೀಟ, ರಾಜನ ಹೆಸರಿನ ಮೊದಲಕ್ಷರಗಳು, ಕಾರ್ಖಾನೆ, ವರ್ಷ, ಮಾದರಿ. ಬಂಗಾಳದ ಇಶಾಪುರ ಕಾರ್ಖಾನೆಯದ್ದಾದರೆ ‘ಜಿ.ಆರ್.ಐ.’ (ಲ್ಯಾಟಿನ್‌ನಲ್ಲಿ ‘ಜಾರ್ಜ್, ರಾಜ ಮತ್ತು ಚಕ್ರವರ್ತಿ’) ಎಂದಿರಬಹುದು. ಜರ್ಮನಿಯ ಕೆ98ಕೆ ಮೌಸರ್‌ನಲ್ಲಿ ನಳಿಗೆ ಸೇರುವ ಉಂಗುರದ ಮೇಲೆ ಕಾರ್ಖಾನೆಯ ಗುಪ್ತಾಕ್ಷರ. ‘ಬಿವೈಎಫ್’ ಅಂದರೆ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆ, ‘ಬಿಎನ್‌ಜಡ್’ ಅಂದರೆ ಆಸ್ಟ್ರಿಯಾದ ಸ್ಟೈಯರ್ ಕಾರ್ಖಾನೆ. ಜಪಾನಿನ ಅರಿಸಾಕಾ ರೈಫಲ್ಲಿನಲ್ಲಿ ಚಕ್ರವರ್ತಿಯ ಲಾಂಛನವಾದ 16 ಎಸಳಿನ ಸೇವಂತಿಗೆ. ಅದನ್ನು ಉಜ್ಜಿ ಅಳಿಸಿದ್ದರೆ ಸಾಮಾನ್ಯವಾಗಿ ಜಪಾನಿನ ಶರಣಾಗತಿಯ ನಂತರ ಒಪ್ಪಿಸಿದ ರೈಫಲ್.

ಎಲ್ಲರೂ ಎಡವುವುದು ವರ್ಷದಲ್ಲಿ. ಮುದ್ರೆಯ ವರ್ಷ ಆ ಭಾಗಕ್ಕೆ ಮಾತ್ರ ಸೇರಿದ್ದು. ಸೇನೆಯ ದುರಸ್ತಿಯಲ್ಲಿ ನಳಿಗೆ, ಬೋಲ್ಟ್, ಮರ ಎಲ್ಲವೂ ಬದಲಾಗುತ್ತಿದ್ದವು. ‘ಎಫ್‌ಟಿಆರ್’ ಎಂಬುದರ ಪಕ್ಕದ ವರ್ಷ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ದುರಸ್ತಿ ಮಾಡಿದ್ದು, ತಯಾರಿಯದ್ದಲ್ಲ. ಹಾಗಾಗಿ ರಿಸೀವರ್ (ಬೋಲ್ಟ್ ಕೂರುವ ಮುಖ್ಯ ಲೋಹದ ಭಾಗ), ಬೋಲ್ಟ್, ನಳಿಗೆಯ ಸಂಖ್ಯೆಗಳನ್ನು ಒಟ್ಟಿಗಿಟ್ಟು ಹೋಲಿಸುತ್ತೇನೆ. ಬೋಲ್ಟ್ ಬೇರೆಯಾದರೆ ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಂತರ) ಅಳೆಸದೆ ಹಾರಿಸುವಂತಿಲ್ಲ.

ತುದಿಗೆ ತುದಿ ತಾಗಿದ ಎರಡು ಬಾಣಗಳು ಬ್ರಿಟಿಷ್ ಸೇನೆ ಅದನ್ನು ಮಾರಿದ್ದಕ್ಕೆ ಗುರುತು. ‘ಡಿಪಿ’ ಎಂದಿದ್ದರೆ ಕವಾಯತಿಗೆ ಮಾತ್ರ ಇಟ್ಟದ್ದು. ಎಷ್ಟೇ ಚೆನ್ನಾಗಿ ಕಂಡರೂ ಅದರಲ್ಲಿ ಗುಂಡು ಹಾಕಬಾರದು. ಕ್ಯಾಲಿಬರ್ (ಗುಂಡಿನ ಅಳತೆ) ಕೂಡ ಊಹಿಸುವಂತಿಲ್ಲ: ಲೀ-ಎನ್‌ಫೀಲ್ಡ್‌ಗಳಲ್ಲಿ ಹೆಚ್ಚಿನವು .303 ಇಂಚು, ಆದರೆ 1960ರ ದಶಕದ ಇಶಾಪುರ 2ಎ ಹೊರನೋಟಕ್ಕೆ ಹಾಗೆಯೇ ಇದ್ದರೂ 7.62 ಮಿ.ಮೀ.; ಅದರ ಮ್ಯಾಗಜಿನ್ ಚೌಕಾಕಾರ. ಅದು ಯುದ್ಧಕಾಲದ್ದೂ ಅಲ್ಲ.